ಮೂಡಣ ಖೋಲಿಗಳಿಗೆ ಅತಿಥಿಗಳು ಬಂದರೆ

ಅಫಜಲಪುರ ತಾಲೂಕಿನ ಭೀಮಾ ತೀರದ ಊರಿನಿಂದ ಸೋದರಿಯೊಬ್ಬರು ಈ ಸಲ ಉದ್ದನೆಯ ಕಾಗದ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿರೆಂದು ಕೇಳಿಕೊಂಡಿದ್ದಾರೆ; ಹಾಕುವುದಿಲ್ಲ. ಆದರೆ ಅವರ ಪ್ರಶ್ನೆ ಆಳಂದ, ಜೇವರ್ಗಿ ಕಡೆಯ ಇನ್ನೂ ಎಷ್ಟೋ ಮನೆಗಳ ಪ್ರಶ್ನೆಯೆಂದು ನನಗೆ ತೋರಿದ್ದರಿಂದ ಎಲ್ಲರೂ ಓದಲೆಂದು ಇಲ್ಲಿಯೇ ಉತ್ತರ ಬರೆಯುತ್ತಿದ್ದೇನೆ. ಅವರ ಮಾತಿನಲ್ಲೇ ಕೇಳಿ:

"ಅಕ್ಕಾರ, ನಮ್ಮದು ಹಳೀ ವಾಡೇರಿ. ಮಾವನವರ ಅಜ್ಜನ ಕಾಲದ್ದು. ಈಗ ಅದರಾಗ ಇರೋರು ಮೂರೇ ಮಂದಿ. ನಮ್ಮ ಅತ್ತಿ, ನಮ್ಮ ಮನಿಯವರು, ನಾನು. ಮೈದುನರು ಪುಣೆ, ಸೊಲ್ಲಾಪುರ ಸೇರ್ಯಾರ. ಮೂಡಣ ದಿಕ್ಕಿನ ಮೂರು ಖೋಲಿಗಿ ಕೀಲಿ ಹಾಕಿ ಬಾಳ ವರ್ಷ ಆತು. ಒಂದು ಕಡಿ ಮಾಳಗಿ ಸೋರ್ತದ. ಮೈದುನನ ಮಗ ಬೆಂಗಳೂರಾಗ ಓದ್ತಾನ. 'ದೊಡ್ಡವ್ವ, ಪ್ಯಾಟಿ ಮಂದಿ ಇಂಥ ಮನಿಯಾಗ ನಾಕ್ ದಿನ ಇರ್ಲಾಕ ರೊಕ್ಕ ಕೊಡ್ತಾರ, ಖೋಲಿ ಕೊಡಮು' ಅಂತ ಹೇಳ್ಯಾನ. ಎಲ್ಲರಿಗೂ ಖುಷಿ ಆಗ್ಯದ. ಅತ್ತಿಯವರು ಮಾತ್ರ 'ಮನಿಗಿ ಬಂದೋರಿಗಿ ಉಣ್ಣಾಕ ಇಟ್ಟು ರೊಕ್ಕ ಇಸ್ಕೊಳ್ಳೋದಾ?' ಅಂತಾರ. ರೊಟ್ಟಿ ಯಾರು ಬಡೀಬೇಕು ಅಂತ ಮಾತ್ರ ಇನ್ನಾ ಯಾರೂ ಕೇಳಿಲ್ಲರಿ. ನೀವೇನಂತೀರಿ?"

ತೆಂಕಣ ಜಿಲ್ಲೆಗಳ ಸೋದರಿಯರಿಗೆ ವಾಡೆ ಎಂದರೆ ಏನೆಂದು ಎರಡು ಮಾತು ಹೇಳಬೇಕು. ದೇಶಮುಖರು, ದೇಶಪಾಂಡೆಯವರು, ಗೌಡರು ಕಟ್ಟಿಸಿದ ದೊಡ್ಡ ಮನೆ ಅದು. ಎತ್ತರದ ಗೋಡೆ, ಆನೆ ಹಿಡಿಸುವಂಥ ಹೆಬ್ಬಾಗಿಲು, ಅದರಲ್ಲೇ ಒಂದು ಸಣ್ಣ ದಿಡ್ಡಿ ಬಾಗಿಲು. ಒಳಗೆ ಅಂಗಳ, ಸುತ್ತಲೂ ಪಡಸಾಲೆ, ಕಾಲಿಗೆ ಶಹಾಬಾದಿನ ಫರಸಿ, ತಲೆಯ ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಹೊರಗೆ ಬಿಸಿಲು 40 ಡಿಗ್ರಿ ದಾಟಿದರೂ ಆ ದಪ್ಪ ಗೋಡೆಯ ಒಳಗೆ ತಂಪು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1949ರಲ್ಲಿ ಜಹಗೀರುಗಳು ರದ್ದಾದವು. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟಿದ್ದ ಹೊಲಗಳೂ ಉಳುವವರ ಕೈಸೇರಿದವು. ಅದು ನ್ಯಾಯವೇ ಆಯಿತು. ಆದರೆ ನೂರು ಆಳು ದುಡಿದು ನಡೆಸುತ್ತಿದ್ದ ಮನೆಯನ್ನು ಈಗ ಒಬ್ಬ ಸೊಸೆ ಒಂದು ಕಸಬರಿಗೆ ಹಿಡಿದು ನೋಡಿಕೊಳ್ಳಬೇಕಾಗಿದೆ. ನಮ್ಮ ಸೋದರಿಯ ಸಂಕಟ ಇರುವುದು ಅಲ್ಲಿಯೇ.

ಹಾಗಾದರೆ ಆ ಹುಡುಗ ಹೇಳಿದ್ದು ತಪ್ಪೇ? ತಪ್ಪಲ್ಲ. ಹಳೆಯ ಮನೆಗೆ ಕೀಲಿ ಹಾಕಿಟ್ಟರೆ ಗೆದ್ದಲಿಗೂ ಹೆಗ್ಗಣಕ್ಕೂ ಬಿಟ್ಟುಕೊಟ್ಟ ಹಾಗೆ. ದಿನಾ ಬಾಗಿಲು ತೆಗೆದು, ಗಾಳಿ ಆಡಿಸಿ, ಸಾರಿಸಿದ ಖೋಲಿ ಬಾಳುತ್ತದೆ. ಇಂಗ್ಲೆಂಡಿನಲ್ಲಿ ಇದನ್ನೇ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಅಲ್ಲಿಯ ನ್ಯಾಷನಲ್ ಟ್ರಸ್ಟ್ 1937ರಿಂದ ಒಂದು ಯೋಜನೆ ನಡೆಸಿತು. ದೊಡ್ಡ ಮನೆತನದವರು ಮನೆಯನ್ನು ಟ್ರಸ್ಟಿಗೆ ಬರೆದುಕೊಟ್ಟು, ಅದರ ಒಂದು ಭಾಗದಲ್ಲಿ ತಾವೇ ವಾಸ ಮಾಡಬಹುದಿತ್ತು. 1965ರಲ್ಲಿ ಹುಟ್ಟಿದ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಬೀಳುವ ಸ್ಥಿತಿಯಲ್ಲಿರುವ ಹಳೆಯ ಕಟ್ಟಡಗಳನ್ನು ಹಿಡಿದು, ದುರಸ್ತಿ ಮಾಡಿ, ರಜೆಗೆ ಬರುವವರಿಗೆ ಬಾಡಿಗೆಗೆ ಕೊಡುತ್ತದೆ. ಅಂಥವು ಈಗ ಸುಮಾರು 200 ಇವೆ. ನಮ್ಮಲ್ಲಿಯೂ ಆನೆಗೊಂದಿಯಲ್ಲಿ 1997ರಲ್ಲಿ ಹುಟ್ಟಿದ ಕಿಷ್ಕಿಂಧಾ ಟ್ರಸ್ಟ್ ಊರಿನ ಹಳೆಯ ಮನೆಗಳನ್ನು ಸರಿಪಡಿಸಿ ಅತಿಥಿಗಳನ್ನು ಇಳಿಸುತ್ತದೆ.

ಅಷ್ಟು ದೂರ ಯಾಕೆ, ನಿಮ್ಮ ತಾಲೂಕಿನದೇ ಗಾಣಗಾಪುರ ನೋಡಿ. ದತ್ತ ಮಹಾರಾಜರ ಪಾದುಕೆಯ ದರ್ಶನಕ್ಕೆ ಬರುವ ಭಕ್ತರನ್ನು ಅರ್ಚಕರ ಮನೆಗಳಲ್ಲಿ ಇಳಿಸಿಕೊಳ್ಳುವುದು ಹಿಂದಿನಿಂದ ನಡೆದುಬಂದ ರೂಢಿ. ಅದೇ ಊರಿನಲ್ಲಿ ಮಧ್ಯಾಹ್ನ ಮಾಧುಕರಿಯೂ ಇದೆ. ಶ್ರೀಮಂತನಿರಲಿ ಬಡವನಿರಲಿ, ಜೋಳಿಗೆ ಹಿಡಿದು ಬಂದವನಿಗೆ ತುತ್ತು ಅನ್ನ ನೀಡುತ್ತಾರೆ, ಬೆಲೆ ಕೇಳುವುದಿಲ್ಲ. ಅನ್ನದಾನವೂ ಇಳಿಸಿಕೊಳ್ಳುವ ವ್ಯವಹಾರವೂ ಒಂದೇ ಓಣಿಯಲ್ಲಿ ಜಗಳವಿಲ್ಲದೆ ಇವೆ. ನಿಮ್ಮ ಅತ್ತೆಯವರಿಗೆ ಇದನ್ನೇ ಹೇಳಿ. ದಾರಿಹೋಕ ಹಸಿದು ಬಂದರೆ ಮೊದಲಿನಂತೆ ಊಟಕ್ಕೆ ಕೂಡಿಸಿ, ಕಾಸು ಮುಟ್ಟಬೇಡಿ. ರಜೆ ಕಳೆಯಲೆಂದು ಬಂದು ಹಾಸಿಗೆ, ಬಿಸಿನೀರು, ಎರಡು ಹೊತ್ತಿನ ಊಟ ಬೇಡುವವರಿಂದ ದುಡಿಮೆಯ ಬೆಲೆ ತೆಗೆದುಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಇನ್ನು ಕೆಲಸದ ಮಾತು. ಮೊದಲು ಮನೆ.

ಮಾಳಿಗೆ ಸೋರುತ್ತಿರುವಾಗ ಸುಣ್ಣ ಬಣ್ಣಕ್ಕೆ ಕೈಹಾಕಬೇಡಿ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಹಳೆಯದರ ಮೇಲೆಯೇ ಹೊಸ ಮಣ್ಣು ಹೇರಿ ಹೇರಿ ತೊಲೆಗೆ ಹೊರಲಾಗದ ಭಾರವಾಗಿರುತ್ತದೆ. ತಿಳಿದ ಗೌಂಡಿಯನ್ನು ಕರೆಸಿ ಹಳೆಯ ಮಣ್ಣು ಇಳಿಸಿ, ಜಂತಿಗೆ ಗೆದ್ದಲು ಹಿಡಿದಿದೆಯೇ ನೋಡಿಸಿ, ಆಮೇಲೆ ಹೊಸದಾಗಿ ಹಾಕಿಸಿ. ಮಣ್ಣಿನ ಗೋಡೆಗೆ ಸಿಮೆಂಟು ಬಳಿಸಲೇಬೇಡಿ. ನೋಡಲು ನುಣ್ಣಗೆ ಕಂಡರೂ ಗೋಡೆಯ ತೇವ ಹೊರಗೆ ಹೋಗಲಾರದೆ ಒಳಗಿನ ಮಣ್ಣು ಸಡಿಲಾಗುತ್ತದೆ, ಒಂದು ದಿನ ಹೆಂಟೆ ಹೆಂಟೆಯಾಗಿ ಕಳಚುತ್ತದೆ. ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾವೇ ಸರಿ. ಕರೆಂಟಿನ ಹಳೆಯ ವೈರು ಪೂರ್ತಿ ಬದಲಾಯಿಸಿ. ಪಾಯಿಖಾನೆ, ಬಚ್ಚಲು ಬೇಕೇ ಬೇಕು. ಅದಕ್ಕಾಗಿ ಖೋಲಿಯ ಗೋಡೆ ಒಡೆಯುವ ಬದಲು ಹಿತ್ತಲಿನಲ್ಲಿ ಅಥವಾ ಖಾಲಿ ಬಿದ್ದ ದನದ ಕೊಟ್ಟಿಗೆಯಲ್ಲಿ ಕಟ್ಟಿಸಿಕೊಳ್ಳಿ.

ಹಗೇವು ಇದ್ದರೆ ಅದರ ಬಾಯಿಗೆ ಕಲ್ಲು ಮುಚ್ಚಿ ಭದ್ರಮಾಡಿ. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟಗಾಳಿ ನಿಂತಿರುತ್ತದೆ, ಇಳಿದವರು ಉಸಿರುಗಟ್ಟಿ ಸತ್ತ ಉದಾಹರಣೆಗಳಿವೆ. ಪೇಟೆಯ ಮಕ್ಕಳಿಗೆ ಅದರ ಭಯ ಗೊತ್ತಿರುವುದಿಲ್ಲ. ಭೀಮೆಯ ಮಾತೂ ಮರೆಯಬೇಡಿ. 2020ರ ಅಕ್ಟೋಬರಿನ ಮಹಾಪೂರದಲ್ಲಿ ಅಫಜಲಪುರ, ಜೇವರ್ಗಿ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನಿಮಗೇ ಗೊತ್ತು. ಮಣ್ಣಿನ ಗೋಡೆ ನೆನೆದಿದ್ದರೆ ಬುನಾದಿ ತೋರಿಸಿಯೇ ಮುಂದಿನ ಹೆಜ್ಜೆ ಇಡಿ. ಮಳೆಗಾಲದಲ್ಲಿ ಅತಿಥಿಗಳನ್ನು ಕರೆಯಬೇಡಿ.

ಎರಡನೆಯದು ಕಾಗದ ಪತ್ರ. ನಿಮ್ಮ ಪತ್ರದಲ್ಲಿ ಮೈದುನರ ಸುದ್ದಿ ಇದೆ, ಮನೆಯ ಹೆಣ್ಣುಮಕ್ಕಳ ಸುದ್ದಿ ಇಲ್ಲ. ನಾದಿನಿಯರಿದ್ದರೆ ಅವರನ್ನೂ ಕೇಳಬೇಕು ತಾಯಿ. 2005ರ ಸೆಪ್ಟೆಂಬರ್ 9ರಿಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಯಾಗಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದಿದೆ. ವಾಸದ ಮನೆಯಲ್ಲಿ ಪಾಲು ಬೇಕೆಂದರೆ ಗಂಡುಮಕ್ಕಳು ಪಾಲಾಗುವ ತನಕ ಹೆಣ್ಣುಮಕ್ಕಳು ಕಾಯಬೇಕೆಂಬ ಹಳೆಯ ಕಲಮನ್ನೂ ಆಗಲೇ ತೆಗೆದುಹಾಕಿದರು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಿಂದೆಯೇ ಕ್ರಮಬದ್ಧವಾಗಿ ಪಾಲಾಗಿದ್ದರೆ ಮಾತು ಬೇರೆ. ಆದ್ದರಿಂದ ಪಾಲುದಾರರೆಲ್ಲರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ದುರಸ್ತಿಗೆ ಯಾರು ಎಷ್ಟು ಹಾಕುತ್ತಾರೆ, ಬಂದದ್ದರಲ್ಲಿ ಯಾರಿಗೆ ಎಷ್ಟು, ಅದನ್ನೂ ಬರೆಸಿ. ಇವತ್ತು ಖಾಲಿ ಖೋಲಿ ಯಾರಿಗೂ ಬೇಡ. ನಾಲ್ಕು ಕಾಸು ಬರತೊಡಗಿದರೆ ಎಲ್ಲರಿಗೂ ನೆನಪಾಗುತ್ತದೆ.

ಹೋಂಸ್ಟೇ ಎಂದು ನೋಂದಾಯಿಸುವುದಕ್ಕೆ ಕಲಬುರಗಿಯ ಪ್ರವಾಸೋದ್ಯಮ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು ಎಂಬುದು ಇದರ ಮುಖ್ಯ ನಿಯಮ, ನಿಮಗೆ ಅದು ಅನುಕೂಲವೇ ಆಯಿತು. ಬಂದವರ ಹೆಸರು, ವಿಳಾಸ, ಗುರುತಿನ ಚೀಟಿಯ ಪ್ರತಿ ಒಂದು ರಿಜಿಸ್ಟರಿನಲ್ಲಿರಲಿ. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರ ಸರಕಾರಕ್ಕೆ ತಿಳಿಸಬೇಕಾಗುತ್ತದೆ.

ಇನ್ನು ನೀವು ಕೇಳಿದ ನಿಜವಾದ ಪ್ರಶ್ನೆ: ರೊಟ್ಟಿ ಯಾರು ಬಡೀಬೇಕು?

ಲೆಕ್ಕ ಹಾಕೋಣ. ಮೂರು ಖೋಲಿಗೆ ಆರು ಜನ ಅತಿಥಿಗಳು. ಹೊತ್ತಿಗೆ ತಲಾ ಮೂರರಂತೆ ದಿನಕ್ಕೆ 36 ರೊಟ್ಟಿ. ಮನೆಯ ಮೂವರಿಗೆ 18. ಒಟ್ಟು 54. ಒಂದು ರೊಟ್ಟಿ ಬಡಿದು ಬೇಯಿಸಲು ಎರಡು ನಿಮಿಷವೆಂದರೂ ಬರೀ ರೊಟ್ಟಿಗೇ ಸುಮಾರು ಎರಡು ತಾಸು ಒಲೆಯ ಮುಂದೆ. ಪಲ್ಯ, ಬ್ಯಾಳಿ, ಅನ್ನ, ಚಹಾ, ಪಾತ್ರೆ, ಹಾಸಿಗೆ, ಬಚ್ಚಲು ಬೇರೆ. ಈ ಲೆಕ್ಕವನ್ನು ಒಂದು ಹಾಳೆಯ ಮೇಲೆ ಬರೆದು ಮನೆಯವರ ಮುಂದೆ, ಫೋನಿನಲ್ಲಿ ಆ ಹುಡುಗನ ಮುಂದೆಯೂ ಇಡಿ. ಸಿಟ್ಟು ಬೇಡ, ಅಳು ಬೇಡ. ಅಂಕಿ ಮಾತಾಡಲಿ.

ಆಮೇಲೆ ಈ ನಾಲ್ಕು ಮಾತು ಗಟ್ಟಿಯಾಗಿ ಹೇಳಿ. ಒಂದು, ರೊಟ್ಟಿಗೂ ಪಾತ್ರೆಗೂ ಊರಿನ ಇಬ್ಬರು ಹೆಣ್ಣುಮಕ್ಕಳು ಬರಬೇಕು, ಅವರ ಕೂಲಿ ಮೊದಲು ಕಳೆದೇ ಲಾಭ ಎಣಿಸಬೇಕು. ನಿಮ್ಮ ಜಿಲ್ಲೆಯಲ್ಲಿ ಸ್ವಸಹಾಯ ಸಂಘದವರು ರೊಟ್ಟಿ ಮಾಡಿ ಮಾರುತ್ತಾರೆ. ಕಡಕ್ ರೊಟ್ಟಿ ಅವರಿಂದಲೇ ತರಿಸಿದರೂ ಆಯಿತು. ಎರಡು, ಅಡಿಗೆ ಮತ್ತು ಮೇಲ್ವಿಚಾರಣೆಯ ಪಾಲು ನಿಮ್ಮ ಹೆಸರಿನ ಬ್ಯಾಂಕ್ ಖಾತೆಗೇ ಬರಬೇಕು. ಮನೆಯ ಗೋಡೆಗಳಲ್ಲಿ ಪಾಲು ಮಕ್ಕಳದು, ಸೊಸೆಯದಲ್ಲ. ಆದರೆ ಅವುಗಳ ನಡುವೆ ದುಡಿಯುವವಳು ಸೊಸೆ. ಮೂರು, ತಿಂಗಳಲ್ಲಿ ಎಷ್ಟು ದಿನ, ಎಷ್ಟು ಜನ ಎಂಬುದು ನಿಮ್ಮನ್ನು ಕೇಳಿಯೇ ಗೊತ್ತಾಗಬೇಕು. ಮನೆಯಲ್ಲಿ ಹಬ್ಬ, ಅತ್ತೆಯವರಿಗೆ ಜಡ್ಡು, ಮಗಳ ಬಾಣಂತನ ಇದ್ದಾಗ ಬೇಡ ಅನ್ನುವ ಅಧಿಕಾರ ನಿಮ್ಮದು. ನಾಲ್ಕು, ನಡುಮನೆ, ದೇವರಮನೆ, ಅಡಿಗೆಮನೆಗೆ ಅತಿಥಿಗಳು ಕೇಳದೆ ಬರಕೂಡದು. ಮೂಡಣ ಭಾಗಕ್ಕೆ ಬೇರೆ ಬಾಗಿಲಿದ್ದರೆ ಅದನ್ನೇ ಬಳಕೆಗೆ ತನ್ನಿ.

ಊಟಕ್ಕೆ ಪೇಟೆಯ ತಿಂಡಿ ಕಲಿಯಲು ಹೋಗಬೇಡಿ. ಅದು ಅವರಿಗೆ ಅಲ್ಲೇ ಸಿಗುತ್ತದೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ನಿಮ್ಮ ಹೊಲದ ತೊಗರಿ ಬ್ಯಾಳಿ ಸಾಕು. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಬಂದವರಿಗೆ ಅದನ್ನೂ ಹೇಳಿ. ಹೋಗುವಾಗ ಎರಡು ಕಿಲೋ ಕಟ್ಟಿಸಿಕೊಂಡು ಹೋಗುತ್ತಾರೆ. ಹೊಸಬರಿಗೆ ಪುಂಡಿಪಲ್ಯ ಹುಳಿಯಾದೀತೆಂಬ ಅಳುಕಿದ್ದರೆ ಹೀಗೆ ಮಾಡಿ: ಎರಡು ಕಟ್ಟು ಪುಂಡಿ ಸೊಪ್ಪನ್ನು ಒಂದು ಕುದಿ ಬರಿಸಿ ಆ ನೀರು ಬಸಿದುಬಿಡಿ. ಬೇರೆ ಪಾತ್ರೆಯಲ್ಲಿ ಒಂದು ಹಿಡಿ ತೊಗರಿ ಬೇಳೆ, ಅರ್ಧ ಹಿಡಿ ಜೋಳದ ನುಚ್ಚು, ಆರೇಳು ಹಸಿಮೆಣಸಿನಕಾಯಿ ಮೆತ್ತಗೆ ಬೇಯಿಸಿ, ಸೊಪ್ಪು ಕೂಡಿಸಿ, ಉಪ್ಪು ಹಾಕಿ ಚೆನ್ನಾಗಿ ಮಸೆಯಿರಿ. ಕುಸುಬೆ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವ ತನಕ ಹುರಿದು ಒಗ್ಗರಣೆ ಕೊಡಿ. ಆರು ಜನಕ್ಕೆ ಸಾಲುತ್ತದೆ.

ಕರೆಯುವ ಕಾಲ ಯಾವುದು? ದೀಪಾವಳಿ ಕಳೆದ ಮೇಲಿಂದ ಶಿವರಾತ್ರಿಯೊಳಗೆ. ಮಾರ್ಗಶಿರ ಹುಣ್ಣಿಮೆಗೆ ಗಾಣಗಾಪುರದಲ್ಲಿ ದತ್ತ ಜಯಂತಿ. ಅದರ ಹಿಂದೆಯೇ ಎಳ್ಳ ಅಮಾಸಿ: ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ, ಕಡಬು ಹಂಚಿಕೊಂಡು ಉಣ್ಣುವ ಹಬ್ಬ. ಆಮೇಲೆ ಸೀತನಿಯ ದಿನಗಳು. ಭೀಮಾ, ಅಮರ್ಜಾ ಕೂಡುವ ಸಂಗಮ, ಘತ್ತರಗಿಯ ಭಾಗ್ಯವಂತಿ, ಆಳಂದದ ಲಾಡ್ಲೆ ಮಶಾಕರ ದರ್ಗಾ, ಎಲ್ಲವೂ ಒಂದು ದಿನದಲ್ಲಿ ಹೋಗಿಬರುವ ದಾರಿ.

ಒಮ್ಮೆಗೇ ಮೂರು ಖೋಲಿ ತೆರೆಯಬೇಡಿ, ಸಾಲ ಅಂತೂ ಮಾಡಲೇಬೇಡಿ. ಸೋರದ ಒಂದು ಖೋಲಿ ಸರಿಮಾಡಿ, ಈ ಎಳ್ಳ ಅಮಾಸಿಗೆ ಗುರುತಿನವರ ಒಂದು ಸಂಸಾರವನ್ನು ಎರಡು ರಾತ್ರಿ ಇರಿಸಿಕೊಳ್ಳಿ. ಅವರು ಹೋದ ಮರುದಿನ ಅತ್ತೆ, ಯಜಮಾನರು, ನೀವು ಕೂತು ಖರ್ಚು ಎಷ್ಟಾಯಿತು, ಬಂದದ್ದೆಷ್ಟು, ನಿಮ್ಮ ಬೆನ್ನು ಎಷ್ಟು ನೊಂದಿತು, ಮೂರನ್ನೂ ಬರೆಯಿರಿ. ಸರಿಬಂದರೆ ಎರಡನೆಯ ಖೋಲಿಯ ಕೀಲಿ ತೆಗೆಯಿರಿ. ಸರಿಬರದಿದ್ದರೆ ಒಂದು ಖೋಲಿಯಾದರೂ ಸರಿಯಾಯಿತಲ್ಲ, ಪುಣೆಯವರು ಬಂದಾಗ ಮಲಗಲು ಜಾಗವಾಯಿತು.

ಹೀಗೆ ಮನೆಯ ಒಂದು ಭಾಗವನ್ನು ಅತಿಥಿಗಳಿಗೆ ಕೊಟ್ಟು ನಡೆಸಿದ ಅನುಭವವಿರುವ ಸೋದರಿಯರು ಬೇರೆ ಯಾರಾದರೂ ಇದ್ದರೆ ಎರಡು ಸಾಲು ಬರೆಯಿರಿ. ಕೂಲಿಯ ಲೆಕ್ಕ ಹೇಗೆ ಹಾಕಿದಿರಿ ಎಂಬುದನ್ನು ಮರೆಯದೆ ತಿಳಿಸಿ. ನಮ್ಮ ಈ ಸೋದರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗವಾಗುವುದು ಅದೇ.