ರೆಕ್ಕೆಯ ಆಯಸ್ಸಿಗೆ ಗಂಟೆಯ ಲೆಕ್ಕವೊಂದೇ ಸಾಲದು

ಪುಣೆಯ ಹಡಪ್ಸರ್ ಎಂದರೆ ಇಲ್ಲಿನ ಕನ್ನಡಿಗರಿಗೆ ಮಗರಪಟ್ಟಾದ ಐಟಿ ಕಚೇರಿಗಳು, ಸಂಜೆಯ ಟ್ರಾಫಿಕ್ಕು. ಅದೇ ಹಡಪ್ಸರದಲ್ಲಿ ಡಿಜಿಸಿಎ ನಡೆಸಿಕೊಂಡು ಬಂದಿರುವ ಗ್ಲೈಡಿಂಗ್ ಕೇಂದ್ರವೂ ಇದೆ. ಎಂಜಿನ್ ಇಲ್ಲದ ಬಿಳಿ ವಿಮಾನವನ್ನು ವಿಂಚ್ ಯಂತ್ರದ ಹಗ್ಗ ಮೇಲಕ್ಕೆಳೆದು ಬಿಡುವುದನ್ನು ನೋಡಲು ನಮ್ಮೂರಿಂದ ಬಂದ ನೆಂಟರನ್ನು ಕರೆದುಕೊಂಡು ಹೋದವರು ನಮ್ಮಲ್ಲಿ ಹಲವರಿದ್ದಾರೆ. ನಾನು ಫೈಬರ್‌ಗ್ಲಾಸ್ ಭಾಗಗಳ ಗುಣಮಟ್ಟ ಪರೀಕ್ಷೆಯ ಕೆಲಸದವನಾದ್ದರಿಂದ ಪ್ರಶ್ನೆಯೊಂದು ನನ್ನ ಕಡೆಗೇ ಬರುತ್ತದೆ: "ಅಲ್ರೀ, ಈ ಪ್ಲಾಸ್ಟಿಕ್ ರೆಕ್ಕೆ ಎಷ್ಟು ವರ್ಷ ಬಾಳತದ?"

ವರ್ಷದಲ್ಲಿ ಉತ್ತರ ಹೇಳಲು ಬರುವುದಿಲ್ಲ. ಗಾಜಿನ ನಾರು ಮತ್ತು ರೆಸಿನ್‌ನಿಂದ ಮಾಡಿದ ಮೊದಲ ಗ್ಲೈಡರ್ 'ಫೀನಿಕ್ಸ್' 1957ರಲ್ಲಿ ಜರ್ಮನಿಯಲ್ಲಿ ಹಾರಿತು. ಆಗ ಈ ವಸ್ತುವಿನ ದಣಿವಿನ ಬಗ್ಗೆ ಅನುಭವ ಯಾರಿಗಿತ್ತು? ಹಾಗಾಗಿ ಆರಂಭದ ಮಾದರಿಗಳಿಗೆ 3000 ಗಂಟೆಯ ಎಚ್ಚರಿಕೆಯ ಮಿತಿ ಹಾಕಿದರು. ಆಮೇಲೆ ಪ್ರಯೋಗಾಲಯದಲ್ಲಿ ರೆಕ್ಕೆಗಳನ್ನು ಲಕ್ಷಾಂತರ ಸಲ ಬಾಗಿಸಿ ನೋಡಿದಾಗ ಅವು ಗಟ್ಟಿಯೆಂದು ತಿಳಿಯಿತು. 3000ಕ್ಕೆ ಒಮ್ಮೆ ಕೂಲಂಕಷ ತಪಾಸಣೆ, ಪಾಸಾದರೆ 6000, ಅಲ್ಲಿಂದ ಮುಂದೆ ಸಾವಿರ ಗಂಟೆಗೊಮ್ಮೆ ತಪಾಸಣೆ ಮಾಡುತ್ತ 12000ದವರೆಗೆ, ಹೀಗೆ ಹಲವು ಮಾದರಿಗಳ ಆಯಸ್ಸು ಬೆಳೆಯಿತು.

ಲೋಹದ ಕಥೆ ಬೇರೆ. 2010ರ ಜೂನ್ 12ರಂದು ಆಸ್ಟ್ರಿಯಾದಲ್ಲಿ ಲೋಹದ ಎಲ್-13 ಬ್ಲಾನಿಕ್ ಗ್ಲೈಡರಿನ ರೆಕ್ಕೆ ಹಾರಾಟದಲ್ಲೇ ಮುರಿದು ಇಬ್ಬರು ಸತ್ತರು. ಕಾರಣ ಫೆಟೀಗ್, ಅಂದರೆ ಮತ್ತೆ ಮತ್ತೆ ಬಾಗಿದ್ದರಿಂದ ಹುಟ್ಟಿ ಬೆಳೆದ ಬಿರುಕು. ಫೈಬರ್‌ಗ್ಲಾಸ್ ಹಾಗೆ ಸುಲಭಕ್ಕೆ ಬಿರುಕು ಬಿಡುವುದಿಲ್ಲ ನಿಜ, ಆದರೆ ಅದರಲ್ಲಿ ಕೆಡುವ ಜಾಗಗಳು ಹೊರಗಿನಿಂದ ಕಾಣುವುದಿಲ್ಲ. ಅಂಟು ಬಿಟ್ಟ ಸ್ಪಾರ್, ಸಡಿಲವಾದ ರೆಕ್ಕೆ ಬುಡದ ಪಿನ್ನು, ಹಳೆಯ ರಿಪೇರಿಯ ಅಂಚು. ನಾಣ್ಯದಿಂದ ತಟ್ಟಿ ಸದ್ದು ಕೇಳುತ್ತೇವೆ. ಬೋದು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ ಎಂದರ್ಥ. ರೆಕ್ಕೆಯ ತುದಿ ಹಿಡಿದು ತೂಗಿ ನಿಮಿಷಕ್ಕೆ ಎಷ್ಟು ಸಲ ಆಡುತ್ತದೆಂದು ಎಣಿಸಿ, ಹಳೆಯ ದಾಖಲೆಯ ಜೊತೆ ಹೋಲಿಸುವುದೂ ಉಂಟು. ಆಟ ನಿಧಾನವಾಗಿದ್ದರೆ ಬಿಗಿ ಎಲ್ಲೋ ಕಡಿಮೆಯಾಗಿದೆ.

ನನ್ನ ತಕರಾರು ಇರುವುದು ಗಂಟೆಯ ಲೆಕ್ಕದ ಬಗ್ಗೆ. ಯುರೋಪಿನ ಬೆಟ್ಟಗಳ ಮೇಲೆ ಒಮ್ಮೆ ಏರಿದ ಗ್ಲೈಡರ್ ಐದು ಗಂಟೆ ತೇಲಬಹುದು. ವಿಂಚ್‌ನಿಂದ ಏರಿಸಿ ಕಲಿಸುವ ಮೈದಾನದಲ್ಲಿ ಒಂದು ಸುತ್ತು ಐದಾರು ನಿಮಿಷ. ಆರು ನಿಮಿಷವೆಂದೇ ಹಿಡಿಯಿರಿ, 3000 ಗಂಟೆಗೆ 30000 ಏರಿಕೆ, ಅಷ್ಟೇ ಇಳಿಕೆ. ಪ್ರತಿ ಏರಿಕೆಯಲ್ಲೂ ಹಗ್ಗದ ಎಳೆತಕ್ಕೆ ರೆಕ್ಕೆ ಬಾಗುತ್ತದೆ, ಕಲಿಯುವವರ ಕೈಯಲ್ಲಿ ಪ್ರತಿ ಇಳಿಕೆಯೂ ಮೃದುವಾಗಿರುವುದಿಲ್ಲ. ಹಗ್ಗ ಸಿಕ್ಕಿಸುವ ಟೋಸ್ಟ್ ಕೊಕ್ಕೆಗೆ ಬಹುಕಾಲ 2000 ಏರಿಕೆಗೊಮ್ಮೆ ಓವರ್‌ಹಾಲ್ ಎಂಬ ನಿಯಮವಿತ್ತು. ಅಂಗೈಯಗಲದ ಕೊಕ್ಕೆಗೆ ಏರಿಕೆಯ ಲೆಕ್ಕ, ಜೀವ ಹೊತ್ತ ರೆಕ್ಕೆಗೆ ಗಂಟೆಯ ಲೆಕ್ಕ! ಏರಿಕೆಗಳ ಸಂಖ್ಯೆ ಲಾಗ್‌ಬುಕ್ಕಿನಲ್ಲೇ ಇರುತ್ತದೆ. ತಪಾಸಣೆಯ ದಿನ ನಿಗದಿ ಮಾಡುವಾಗ ಅದನ್ನೂ ಕೇಳಬೇಕು, ಗಂಟೆ ಮತ್ತು ಏರಿಕೆ ಇವೆರಡರಲ್ಲಿ ಯಾವುದು ಮೊದಲು ಮುಟ್ಟುತ್ತದೋ ಅದೇ ಗಡುವಾಗಬೇಕು.

ಇನ್ನು ಬಿಸಿಲು. ಗ್ಲೈಡರ್‌ಗಳೆಲ್ಲ ಬಿಳಿಯಾಗಿರುವುದು ಚೆಂದಕ್ಕಲ್ಲ. ಬಿಸಿ ಏರಿದಂತೆ ರೆಸಿನ್ ಮೆತ್ತಗಾಗುತ್ತದೆ. ಎಷ್ಟೋ ಮಾದರಿಗಳ ಬಲವನ್ನು 54 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಸಾಬೀತು ಮಾಡಿರುತ್ತಾರೆ. ಏಪ್ರಿಲ್‌ನಲ್ಲಿ ಪುಣೆಯ ನೆರಳಿನಲ್ಲೇ 40 ಡಿಗ್ರಿ ಮುಟ್ಟುತ್ತದೆ, ನಮ್ಮ ಕಲಬುರಗಿಯ ಮಾತು ಬಿಡಿ. ಆ ಬಿಸಿಲಲ್ಲಿ ದಿನಗಟ್ಟಲೆ ಹೊರಗೆ ನಿಂತ ಗ್ಲೈಡರಿಗೂ ಹ್ಯಾಂಗರಿನೊಳಗೆ ಇದ್ದದ್ದಕ್ಕೂ ಗಂಟೆಯ ಪಟ್ಟಿಯಲ್ಲಿ ವ್ಯತ್ಯಾಸವೇ ಇಲ್ಲ.

ಇದನ್ನೆಲ್ಲ ಅಳೆದು ನಮ್ಮ ಹವೆಗೆ ತಕ್ಕ ಕೋಷ್ಟಕ ಮಾಡಲು ಜರ್ಮನಿಯತ್ತ ನೋಡಬೇಕಾಗಿಲ್ಲ. ಬೆಂಗಳೂರಿನ ಎನ್‌ಎಎಲ್ ಫೈಬರ್‌ಗ್ಲಾಸ್ 'ಹಂಸ' ವಿಮಾನವನ್ನು 1993ರಲ್ಲೇ ಹಾರಿಸಿದೆ, ತೇಜಸ್‌ನ ಕಾಂಪೊಸಿಟ್ ಭಾಗಗಳಲ್ಲೂ ಅದರ ಕೈಯಿದೆ. ಸೇವೆಯಿಂದ ಇಳಿಸಿದ ಹಳೆಯ ಗ್ಲೈಡರ್ ರೆಕ್ಕೆಯೊಂದನ್ನು ಗುಜರಿಗೆ ಹಾಕುವ ಬದಲು ಡಿಜಿಸಿಎ ಅಲ್ಲಿಗೆ ಕಳಿಸಿ, ಮುರಿಯುವವರೆಗೆ ಬಾಗಿಸಿ ನೋಡಲು ಹೇಳಲಿ. ಪುಣೆಯಿಂದ ಬೆಂಗಳೂರಿಗೆ ಒಂದು ಲಾರಿಯ ಬಾಡಿಗೆ ಅಷ್ಟೇ.