ಹಿಕ್ಕೆಯಲ್ಲಿ ಅಡಗಿದ ಅರಿವು

ಸಕಲೇಶಪುರ ಮತ್ತು ಆಲೂರಿನ ಗುಡ್ಡಗಳಲ್ಲಿ ಕಾಫಿಯ ತೋಟ ಎಲ್ಲಿ ಮುಗಿಯುತ್ತದೆ, ಕಾಡು ಎಲ್ಲಿ ಮೊದಲಾಗುತ್ತದೆ ಎಂದು ಗೆರೆ ಎಳೆದು ಹೇಳುವುದು ಕಷ್ಟ. ಹಗಲಿನಲ್ಲಿ ಆಳುಗಳು ನಡೆದ ಹಾದಿಯಲ್ಲಿಯೇ ಇರುಳು ಚಿರತೆ ನಡೆಯುತ್ತದೆ. ಕಾಫಿಯ ಹಣ್ಣನ್ನು ತಿಂದ ಪುನುಗುಬೆಕ್ಕು ಬೀಜಗಳನ್ನು ಬಂಡೆಯ ಮೇಲೆ ಬಿಟ್ಟುಹೋಗುತ್ತದೆ. ಈ ಪ್ರಾಣಿಗಳು ನಮ್ಮ ಕಣ್ಣಿಗೆ ಬೀಳುವುದು ಅಪರೂಪ. ಬೀಳುವುದು ಅವುಗಳ ಹೆಜ್ಜೆ ಮತ್ತು ಹಿಕ್ಕೆ ಮಾತ್ರ. ಹಿಕ್ಕೆಯನ್ನು ಕಂಡೊಡನೆ ಮೂಗು ಮುಚ್ಚಿಕೊಂಡು ದಾಟಿಹೋಗುವುದು ನಮ್ಮ ವಾಡಿಕೆ. ಆದರೆ ಓದಬಲ್ಲವರಿಗೆ ಅದೊಂದು ಓಲೆ.

ಈ ಓದು ಹೊಸದಲ್ಲ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಮತ್ತು ಮೆಲ್ ಸನ್‌ಕ್ವಿಸ್ಟ್ ಅವರು ಹುಲಿ, ಚಿರತೆ, ಸೀಳುನಾಯಿಗಳ ಹಿಕ್ಕೆಯಲ್ಲಿದ್ದ ಕೂದಲು, ಮೂಳೆಗಳನ್ನು ಪರೀಕ್ಷಿಸಿ, ಯಾವ ಪ್ರಾಣಿ ಏನನ್ನು ತಿನ್ನುತ್ತದೆ ಎಂಬುದನ್ನು 1995ರಲ್ಲಿ ಪ್ರಕಟಿಸಿದರು. ಇಂದು ವಿಜ್ಞಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಸಿಯಾದ ಹಿಕ್ಕೆಯ ಒಂದು ಚೂರನ್ನು ಕೆಡದಂತೆ ಕಾದಿರಿಸಿ, ಅದರಲ್ಲಿರುವ ವಂಶದ್ರವ್ಯವನ್ನು ಬೇರ್ಪಡಿಸಿ ಓದಿದರೆ, ಅದರಲ್ಲಿ ಅಡಗಿರುವ ವೈರಾಣುಗಳ ಗುರುತು ಸಿಗುತ್ತದೆ. ನೆದರ್ಲೆಂಡ್ಸಿನಲ್ಲಿ ಮಾರ್ಟೆನ್, ಬ್ಯಾಜರ್ ಎಂಬ ಕಾಡುಪ್ರಾಣಿಗಳ ಹಿಕ್ಕೆಯನ್ನು ಹೀಗೆ ಪರೀಕ್ಷಿಸಿದಾಗ, ಮೊದಲು ಯಾರೂ ಅರಿಯದಿದ್ದ ವೈರಾಣುಗಳು ಕಂಡುಬಂದವು. ಪ್ರಾಣಿಯನ್ನು ಹಿಡಿಯಬೇಕಾಗಿಲ್ಲ, ಅರಿವಳಿಕೆ ನೀಡಬೇಕಾಗಿಲ್ಲ, ಅದರ ನೆಮ್ಮದಿಯನ್ನು ಕೆಡಿಸಬೇಕಾಗಿಯೂ ಇಲ್ಲ. ಇದೇ ಈ ವಿಧಾನದ ಹಿರಿಮೆ.

ಹೊಟ್ಟೆಗಿಲ್ಲದವರು ಇರುವ ನಾಡಿನಲ್ಲಿ ಕಾಡುಪ್ರಾಣಿಯ ಹಿಕ್ಕೆಗಾಗಿ ಹಣ ವ್ಯಯಮಾಡುವುದೇಕೆ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ನಮ್ಮ ಮಲೆನಾಡಿನ ಇತಿಹಾಸದಲ್ಲಿಯೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳ ಜನರೂ ಜ್ವರದಿಂದ ನರಳಿದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ರೋಗದ ಕಾರಣವನ್ನು ಕಂಡುಹಿಡಿದರು. ಅಂದು ಕಾಡು ನಮಗೆ ಸುದ್ದಿ ಕಳುಹಿಸಿದ್ದು ಸಾವಿನ ಮೂಲಕ. ಸಾವಿಗೆ ಮೊದಲೇ ಸುದ್ದಿ ತಿಳಿಯುವ ದಾರಿಗಳನ್ನು ನಾವು ಹುಡುಕಬೇಡವೆ?

ರೋಗ ಕಾಡಿನಿಂದಲೇ ಊರಿಗೆ ಬರುತ್ತದೆ ಎಂದು ತಿಳಿಯುವುದೂ ತಪ್ಪು. ಊರಿನಿಂದ ಕಾಡಿಗೂ ಅದು ಹೋಗುತ್ತದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಡಿಸ್ಟೆಂಪರ್ ರೋಗದಿಂದ ಸುಮಾರು ಮೂರನೆಯ ಒಂದು ಭಾಗದಷ್ಟು ಸಿಂಹಗಳು ಅಳಿದವು. ಸುತ್ತಲಿನ ಹಳ್ಳಿಗಳ ನಾಯಿಗಳಿಂದ ಅದು ಬಂದಿತೆಂದು ವಿಜ್ಞಾನಿಗಳು ಭಾವಿಸಿದರು. ನಮ್ಮ ಗಿರ್ ಅರಣ್ಯದಲ್ಲಿಯೂ 2018ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅದೇ ವೈರಾಣು ಪತ್ತೆಯಾಯಿತು. 1978ರಲ್ಲಿ ಗುರುತಿಸಲ್ಪಟ್ಟ ನಾಯಿಯ ಪಾರ್ವೊ ವೈರಾಣುವಂತೂ ಮಲದ ಮೂಲಕವೇ ಹರಡಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಸೀಳುನಾಯಿಗಳು ಗುಂಪಾಗಿ ಬಾಳುವ ಪ್ರಾಣಿಗಳು. ಕಾಡುಹಾದಿಗಳು ಕೂಡುವೆಡೆಯಲ್ಲಿ ಒಟ್ಟಾಗಿ ಹಿಕ್ಕೆ ಹಾಕಿ, ಪರಸ್ಪರ ಮೂಸಿ ನೋಡುವುದು ಅವುಗಳ ಸ್ವಭಾವ. ಜಗತ್ತಿನಲ್ಲಿ ಉಳಿದಿರುವ ವಯಸ್ಕ ಸೀಳುನಾಯಿಗಳು ಎರಡೂವರೆ ಸಾವಿರಕ್ಕಿಂತ ಕಡಿಮೆ ಎಂದು ಅಂದಾಜು. ತೋಟದ ಒಂದು ನಾಯಿಯ ರೋಗ ಇಂತಹ ಗುಂಪನ್ನು ಹೊಕ್ಕರೆ ಗತಿಯೇನು?

ಹಾಗೆಂದು ಹಿಕ್ಕೆಯಲ್ಲಿ ವೈರಾಣು ಕಂಡೊಡನೆ ಕಾಡುಪ್ರಾಣಿಯನ್ನು ವೈರಿಯೆಂದು ಬಗೆಯುವುದು ವಿವೇಕವಲ್ಲ. ವೈರಾಣುವಿದ್ದ ಮಾತ್ರಕ್ಕೆ ರೋಗವಿರಲೇಬೇಕೆಂದಿಲ್ಲ. ಅದು ಆ ಪ್ರಾಣಿ ತಿಂದ ಬೇಟೆಯದೂ ಆಗಿರಬಹುದು. ಆದುದರಿಂದ ಒಂದು ಹಿಕ್ಕೆಯಿಂದ ತೀರ್ಪು ಕೊಡಲಾಗದು. ವರ್ಷ ವರ್ಷವೂ ತಾಳ್ಮೆಯಿಂದ ಹೋಲಿಸಿ ನೋಡಬೇಕು. ನಮ್ಮ ಗುಡ್ಡಗಳ ಮಳೆಯಲ್ಲಿ ಹಿಕ್ಕೆ ಬೇಗ ಕರಗಿಹೋಗುವುದರಿಂದ, ಬೇಸಗೆಯಲ್ಲಿಯೇ ಈ ಕೆಲಸಕ್ಕೆ ತೊಡಗುವುದು ಲೇಸು.

ಈ ಪರೀಕ್ಷೆ ತಜ್ಞರ ಕೆಲಸ. ವಿದ್ಯಾರ್ಥಿಗಳು ಹಿಕ್ಕೆಯನ್ನು ಬರಿಗೈಯಿಂದ ಮುಟ್ಟಬಾರದು. ಆದರೆ ನೀವು ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮನೆಯ ನಾಯಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸಿರಿ. ಅದನ್ನು ಕಾಡಿನಲ್ಲಿ ಅಲೆಯಲು ಬಿಡಬೇಡಿರಿ. ಊರು ಮತ್ತು ಕಾಡಿನ ಆರೋಗ್ಯ ಎರಡಲ್ಲ, ಒಂದೇ. ಈ ಅರಿವನ್ನು ಹಾದಿಯಂಚಿನ ಹಿಕ್ಕೆ ಕಲಿಸುವುದಾದರೆ, ಅದನ್ನು ಕೀಳೆಂದು ತಿಳಿಯುವುದು ತರವಲ್ಲ.