ಮುಗಿಯದ ಕಥೆಗೆ ಕಾಯೋರು ದಡ್ಡರಲ್ಲ

(1/4)

ಮೊದಲೇ ಹೇಳ್ಬಿಡ್ತೀನಿ, ಇವತ್ತಿನ ಕ್ಯಾಪ್ಷನ್ ಉದ್ದ ಇದೆ. ನಾಲ್ಕು ಪೋಸ್ಟ್ ಆಗುತ್ತೆ. ಸ್ಪಾಯ್ಲರ್ ಇಲ್ಲ, ಧೈರ್ಯವಾಗಿ ಓದಿ.

ಫೋಟೋದಲ್ಲಿರೋದು ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’. ಟಿವಿಯಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಅಂತ ನೋಡಿದ್ದೀರಲ್ಲ, ಅದರ ಮೂಲ. ಬಂದಿರೋದು ಐದೇ ಪುಸ್ತಕ. ನನ್ನ ಹತ್ರ ಇರೋ ಪೇಪರ್‌ಬ್ಯಾಕಲ್ಲಿ ಮೂರನೇದನ್ನೂ ಐದನೇದನ್ನೂ ಎರಡೆರಡು ಭಾಗ ಮಾಡಿದ್ದಾರೆ, ಹಾಗಾಗಿ ಕಪಾಟಲ್ಲಿ ಏಳು ಕಾಣುತ್ತೆ. ಎಲ್ಲಾ ಸೆಕೆಂಡ್ ಹ್ಯಾಂಡ್. ಒಂದರ ಬೆನ್ನು ಕಿತ್ತುಹೋಗಿ ಸೆಲ್ಲೋಟೇಪಲ್ಲಿ ನಿಂತಿದೆ.

ಲೆಕ್ಕ ನೋಡಿ. ಮೊದಲನೇದು 1996, ಎರಡನೇದು 1998, ಮೂರನೇದು 2000. ನಾಲ್ಕನೇದು ಬಂದ 2005ರಲ್ಲಿ ನಾನು ಹುಟ್ಟಿದ್ದು. ಐದನೇದು 2011ರಲ್ಲಿ ಬಂದಾಗ ನಾನು ಒಂದನೇ ಕ್ಲಾಸು. ಈಗ ಬಿಕಾಂ ಮಾಡ್ತಿದೀನಿ. ಆರನೇದು ಇನ್ನೂ ಬಂದಿಲ್ಲ. ಮೊದಲು ಮೂರೇ ಪುಸ್ತಕ ಅಂದುಕೊಂಡು ಶುರು ಮಾಡಿದ ಕಥೆ ಬೆಳೀತಾ ಬೆಳೀತಾ ಏಳಕ್ಕೆ ಬಂದು ನಿಂತಿದೆ.

ನಾನು ಇದನ್ನ ಓದ್ತೀನಿ ಅಂದಾಗಲೆಲ್ಲ ಬರೋ ಮಾತು ಒಂದೇ: “ಮುಗಿಯಲ್ಲ ಕಣೇ ಅದು, ಯಾಕೆ ಟೈಮ್ ವೇಸ್ಟ್ ಮಾಡ್ತೀಯಾ?”

ಆ ಪ್ರಶ್ನೆಗೆ ಉತ್ತರ ಕೊಡೋಕೆ ಈ ಪೋಸ್ಟು. ಅದಕ್ಕೂ ಮುಂಚೆ ಒಂದು ತಪ್ಪು ಒಪ್ಕೋಬೇಕು.

(2/4)

ಸೆಕೆಂಡ್ ಪಿಯುಸಿ ರಜೆಯಲ್ಲಿ ಐದನೇ ಪುಸ್ತಕ ಮುಗಿಸಿದೆ. ಕಥೆ ನಿಂತಿರೋ ಜಾಗ ಎಂಥದ್ದು ಅಂದ್ರೆ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಸಿಟ್ಟಲ್ಲಿ ಮಾರ್ಟಿನ್ ಫೋಟೋ ಇದ್ದ ಒಂದು ಪೋಸ್ಟ್ ಕೆಳಗೆ ಹೋಗಿ “ಸಾಯೋ ಮುಂಚೆ ಮುಗಿಸಿ ತಾತ” ಅನ್ನೋ ಅರ್ಥದಲ್ಲಿ ಇಂಗ್ಲಿಷಲ್ಲಿ ಕಮೆಂಟ್ ಹಾಕಿದೆ. ಲೈಕ್ ಮೇಲೆ ಲೈಕ್ ಬಂತು. ಖುಷಿ ಆಯ್ತು, ಸುಳ್ಳು ಹೇಳಲ್ಲ.

ಆಗ ಸಾಗರದ ಅಜ್ಜಿ ಮನೇಲಿದ್ದೆ. ನಾನು ಫೋನ್ ನೋಡ್ಕೊಂಡು ನಗ್ತಿದ್ದದ್ದನ್ನ ಕಂಡು ಅಜ್ಜಿ ಕೇಳಿದ್ರು, “ಯಾರೇ ಪುಟ್ಟಿ ಅದು, ಟೋಪಿ ಹಾಕ್ಕೊಂಡಿರೋ ಅಜ್ಜ?” ಎಲ್ಲಾ ವಿವರಿಸಿದೆ, ಕಮೆಂಟನ್ನೂ ಕನ್ನಡದಲ್ಲಿ ಹೇಳಿದೆ, ಅವರೂ ನಗ್ತಾರೆ ಅಂತ. ಅಜ್ಜಿ ನಗಲಿಲ್ಲ. “ಅವರ ಮನೆಯವರೂ ಓದ್ತಾರಲ್ಲೇ ಇದನ್ನ?” ಅಂದ್ರು, ಅಷ್ಟೆ. ಎದ್ದು ಒಳಗೆ ಹೋದ್ರು.

ತಕ್ಷಣ ಡಿಲೀಟ್ ಮಾಡಿದೆ ಅಂದ್ಕೋಬೇಡಿ. ಎರಡು ದಿನ ಬಿಟ್ಟು ಮಾಡಿದೆ. ಲೈಕ್ ಬರೋದು ನಿಂತ ಮೇಲೆ.

ಮಾರನೇ ದಿನ ಅಜ್ಜಿ ಅಟ್ಟದಿಂದ ಒಂದು ಕಟ್ಟು ಇಳಿಸಿದ್ರು. ವಾರಪತ್ರಿಕೆಯಲ್ಲಿ ಬರ್ತಿದ್ದ ಧಾರಾವಾಹಿಯ ಹಾಳೆಗಳನ್ನ ವಾರವಾರ ಹರಿದಿಟ್ಟು, ದಬ್ಬಳದಲ್ಲಿ ತೂತು ಮಾಡಿ, ಹಳೇ ಕ್ಯಾಲೆಂಡರ್ ರಟ್ಟು ಹಾಕಿ ಹೊಲಿದ ಪುಸ್ತಕ. ನಿಮ್ಮ ಮನೇಲೂ ಇಂಥದ್ದು ಒಂದಿರಬಹುದು, ಕೇಳಿ ನೋಡಿ. ಮಧ್ಯೆ ಒಂದು ಕಂತು ಇಲ್ಲ. ಆ ವಾರ ನಮ್ಮ ಮಾವ ಹುಟ್ಟಿದ್ರಂತೆ, ಪತ್ರಿಕೆ ತರಿಸೋರು ಯಾರೂ ಇರಲಿಲ್ಲ.

“ಆ ಕಂತಲ್ಲಿ ಏನಾಗಿತ್ತು ಅಂತ ಆಮೇಲೆ ಗೊತ್ತಾಯ್ತಾ ಅಜ್ಜಿ?”

“ಇಲ್ಲ. ನಾನೇ ಒಂದು ಮಾಡ್ಕೊಂಡೆ. ಅದೇ ಚೆನ್ನಾಗಿದೆ.”

(3/4)

ಈಗ ವಿಷಯಕ್ಕೆ ಬರ್ತೀನಿ. ಲೇಖಕರು ನಮಗೆ ಸಾಲಗಾರರಾ?

ನಾನು ಕಾಮರ್ಸ್ ಹುಡುಗಿ, ನನಗೆ ಬರೋ ಭಾಷೇಲೇ ಹೇಳ್ತೀನಿ. ಪುಸ್ತಕ ಕೊಂಡೆ, ದುಡ್ಡು ಕೊಟ್ಟೆ, ಪುಸ್ತಕ ಕೈಗೆ ಬಂತು. ಮಾರಾಟ ಅಲ್ಲಿಗೆ ಮುಗೀತು. ಐದನೇದಕ್ಕೆ ಕೊಟ್ಟ ದುಡ್ಡು ಆರನೇದಕ್ಕೆ ಅಡ್ವಾನ್ಸ್ ಅಲ್ಲ. ಇದನ್ನೇ ಇನ್ನೊಬ್ಬ ಲೇಖಕ ನೀಲ್ ಗೈಮನ್ 2009ರಲ್ಲೇ ಒಬ್ಬ ಓದುಗನಿಗೆ ಸ್ವಲ್ಪ ಖಾರವಾಗಿಯೇ ಹೇಳಿದ್ರು. ಮಾರ್ಟಿನ್ ನಿಮ್ಮ ಆಳಲ್ಲ ಅನ್ನೋದು ಅದರ ಸಾರ.

ಅದು ಸರಿ. ಆದ್ರೆ ನನ್ನ ಪ್ರಕಾರ ಅರ್ಧ ಮಾತ್ರ ಸರಿ.

ಅಕೌಂಟ್ಸಲ್ಲಿ ‘ಗುಡ್‌ವಿಲ್’ ಅಂತ ಒಂದಿದೆ. ಅಂಗಡಿಗೆ ಜನ ಇಟ್ಟ ನಂಬಿಕೆ, ಹೆಸರು. ಮಜಾ ಏನು ಗೊತ್ತಾ? ನಮ್ಮ ಎಎಸ್ 26 ಪ್ರಕಾರ, ಸಂಸ್ಥೆ ತಾನಾಗಿ ಬೆಳೆಸ್ಕೊಂಡ ಗುಡ್‌ವಿಲ್ಲನ್ನ ಆಸ್ತಿ ಅಂತ ಬ್ಯಾಲೆನ್ಸ್ ಶೀಟಲ್ಲಿ ತೋರಿಸೋ ಹಾಗಿಲ್ಲ. ಅಳತೆಗೆ ಸಿಗಲ್ಲ ಅದು. ಹಾಗಂತ ಅದು ಇಲ್ಲವಾ? ಇದೆ. ಓದುಗರ ಹುಚ್ಚು ಅಂಥದ್ದೇ. ಯಾವ ಕಾಲಮ್ಮಲ್ಲೂ ಕೂರಲ್ಲ, ಆದ್ರೆ ಇಡೀ ಕಟ್ಟಡ ನಿಂತಿರೋದು ಅದರ ಮೇಲೆ.

ಉದಾಹರಣೆ ಕೊಡ್ತೀನಿ. ಈ ಕಥೇಲಿ ಒಬ್ಬ ಹುಡುಗನ ತಾಯಿ ಯಾರು ಅನ್ನೋದನ್ನ ಐದು ಪುಸ್ತಕದಲ್ಲಿ ಎಲ್ಲೂ ನೇರವಾಗಿ ಹೇಳಿಲ್ಲ. ಓದುಗರು ಅಲ್ಲೊಂದು ಇಲ್ಲೊಂದು ಸುಳಿವು ಹೆಕ್ಕಿ ಟಿವಿ ಶೋ ಶುರುವಾಗೋಕೂ ಎಷ್ಟೋ ವರ್ಷ ಮುಂಚೆ ಉತ್ತರ ಕಂಡುಹಿಡಿದಿದ್ರು. ಟಿವಿಯಲ್ಲಿ ಅದು ಬಂದಿದ್ದು 2016ರಲ್ಲಿ. ಇನ್ನೂ ಒಂದು: ಎಲಿಯೋ ಗಾರ್ಸಿಯಾ, ಲಿಂಡಾ ಆಂಟನ್ಸನ್ ಅನ್ನೋ ಇಬ್ಬರು ಬರೀ ಅಭಿಮಾನಿಗಳಾಗಿದ್ದೋರು. ಆ ಲೋಕದ ವಂಶಾವಳಿ, ಊರು, ಯುದ್ಧ ಎಲ್ಲವನ್ನೂ ಎಷ್ಟು ಚೆನ್ನಾಗಿ ಅರೆದು ಕುಡಿದಿದ್ರು ಅಂದ್ರೆ, 2014ರಲ್ಲಿ ಮಾರ್ಟಿನ್ ಜೊತೆ ಸೇರಿ ಅದರ ಇತಿಹಾಸದ ಪುಸ್ತಕವನ್ನೇ ಬರೆದ್ರು.

ಅಜ್ಜಿ ಕಳೆದುಹೋದ ಕಂತಿಗೆ ಮಾಡಿದ್ದೂ ಇದನ್ನೇ ಅಲ್ವಾ?

ಹಾಗಾಗಿ ಕಾದು ಬೇಜಾರಾದೋರ ನೋವು ನಾಟಕ ಅಲ್ಲ. ನಾಲ್ಕನೇ ಪುಸ್ತಕದ ಕೊನೇಲಿ, ಮುಂದಿನದು ಮುಂದಿನ ವರ್ಷವೇ ಬರಬಹುದು ಅನ್ನೋ ಆಸೆಯನ್ನ ಮಾರ್ಟಿನ್ನೇ ಬರೆದಿದ್ರು. ಆಗಿದ್ದು ಆರು ವರ್ಷ. ಬೇಜಾರು ಮಾಡ್ಕೊಳ್ಳೋ ಹಕ್ಕು ನಮಗಿದೆ. ವಸೂಲಿಗೆ ನಿಲ್ಲೋ ಹಕ್ಕಿಲ್ಲ. ಅವರ ಸಾವಿನ ದಿನ ಎಣಿಸೋ ಹಕ್ಕಂತೂ ಇಲ್ಲವೇ ಇಲ್ಲ.

(4/4)

“ಪೂರ್ತಿ ಸೀರೀಸ್ ಬಂದ ಮೇಲೆ ಓದ್ತೀನಿ” ಅನ್ನೋರಿಗೆ ಈ ಕೊನೇ ಭಾಗ.

ಮೊದಲು ಮಾರುಕಟ್ಟೆ ಮಾತು. ಹೊಸ ಲೇಖಕಿಯೊಬ್ಬಳ ಮೊದಲ ಭಾಗ ಬಂತು ಅಂದ್ಕೊಳ್ಳಿ. ಎಲ್ಲರೂ ಮುಗೀಲಿ ಅಂತ ಕಾದ್ರೆ ಮೊದಲ ಭಾಗ ಮಾರಾಟ ಆಗಲ್ಲ. ಮಾರಾಟ ಆಗದಿದ್ರೆ ಪ್ರಕಾಶಕರು ಎರಡನೇದಕ್ಕೆ ದುಡ್ಡು ಹಾಕೋಕೆ ಹಿಂದೆಮುಂದೆ ನೋಡ್ತಾರೆ. ಮಾರ್ಟಿನ್ ಮೇಲಿನ ನಮ್ಮ ಸಿಟ್ಟನ್ನ ತೀರಿಸೋದು ಆ ಹುಡುಗಿ. ಅವಳು ಯಾವ ಗಡುವನ್ನೂ ಮೀರಿರಲಿಲ್ಲ.

ಎರಡನೇದು, ಕಥೆ ನಿಂತಲ್ಲೇ ಸಾಯುತ್ತೆ ಅಂತ ಏನಿಲ್ಲ. ರಾಬರ್ಟ್ ಜೋರ್ಡನ್ 1990ರಲ್ಲಿ ‘ದಿ ವೀಲ್ ಆಫ್ ಟೈಮ್’ ಶುರು ಮಾಡಿದ್ರು. 2007ರಲ್ಲಿ, ಕೊನೇ ಪುಸ್ತಕಕ್ಕೆ ಮುಂಚೆ, ತೀರಿಹೋದ್ರು. ಅವರ ಹೆಂಡತಿ ಹ್ಯಾರಿಯೆಟ್ ಅವರ ಸಂಪಾದಕಿಯೂ ಹೌದು. ಜೋರ್ಡನ್ ಬಿಟ್ಟುಹೋದ ಟಿಪ್ಪಣಿಗಳನ್ನ ಅವರು ಬ್ರ್ಯಾಂಡನ್ ಸ್ಯಾಂಡರ್ಸನ್ ಕೈಗೆ ಕೊಟ್ರು. ಸ್ಯಾಂಡರ್ಸನ್ ಯಾರು? ಅದೇ ಪುಸ್ತಕಗಳನ್ನ ಹದಿಹರೆಯದಿಂದ ಓದಿ ಬೆಳೆದ ಅಭಿಮಾನಿ. ಒಂದು ಅಂದುಕೊಂಡದ್ದು ಮೂರು ಪುಸ್ತಕ ಆಗಿ, 2013ರಲ್ಲಿ 14ನೇದು ಬಂದು ಕಥೆ ಮುಗೀತು. ಮುಗಿಯೋ ಮೊದಲೇ ಓದಿದ ಒಬ್ಬ ಹುಡುಗ ಇದ್ದದ್ದಕ್ಕೆ ಅದು ಹಾಗೆ ಮುಗೀತು.

ನಮ್ಮಲ್ಲೂ ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ, ಉಳಿದದ್ದನ್ನ ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಬರೆದ. ಭಾರತದ ಕೊನೆ ಎಲ್ಲರಿಗೂ ಮೊದಲೇ ಗೊತ್ತಿತ್ತು, ಅದಕ್ಕೆ ಕುತೂಹಲದ ಕಾಟ ಇರಲಿಲ್ಲ ಅಂತ ನೀವು ಹೇಳಬಹುದು. ಒಪ್ತೀನಿ. ಆದ್ರೆ ಗಮಕ ಕೇಳೋಕೆ ಹೋಗೋ ನಮ್ಮಜ್ಜಿ ಕುಮಾರವ್ಯಾಸನನ್ನ “ಅರ್ಧ ಬರೆದೋನು” ಅಂತ ಒಂದು ದಿನವೂ ಕರೆದಿಲ್ಲ. ಹತ್ತು ಪರ್ವ ಕೊಟ್ಟೋನು ಅಂತಲೇ ಲೆಕ್ಕ.

ನನ್ನ ಲೆಕ್ಕವೂ ಈಗ ಅದೇ. ಐದು ಪುಸ್ತಕ ಬಂದಿದೆ, ಅದು ನನ್ನ ಖಾತೆಗೆ ಜಮಾ. ಆರನೇದು ಬಂದ್ರೆ ಅವತ್ತು ಕಾಲೇಜಿಗೆ ಚಕ್ಕರ್. ಬರದಿದ್ರೆ, ಅಜ್ಜಿ ಥರ ನಾನೇ ಒಂದು ಮಾಡ್ಕೋತೀನಿ.

ಇನ್ನು ನಿಮ್ಮ ಸರದಿ. ಕೊನೆ ಸಿಗದೆ ಉಳಿದ ಯಾವ ಕಥೆ ನಿಮ್ಮ ತಲೇಲಿ ಇನ್ನೂ ಓಡ್ತಾ ಇದೆ? ಕಮೆಂಟಲ್ಲಿ ಹೇಳಿ. ಲೇಖಕರನ್ನ ಬೈಯೋದಾದ್ರೆ ಬೈಯಿರಿ, ಆದ್ರೆ ಅವರ ಮನೆಯವರು ಓದಿದ್ರೂ ಪರವಾಗಿಲ್ಲ ಅನ್ನೋ ಹಾಗೆ.

#ಓದಿನಹುಚ್ಚು #ಕಾಯೋದೂಓದೇ #ಅಜ್ಜಿಯಕಟ್ಟು